ಬಾವಿ ಹೇಳಿದ ವಯಸ್ಸು

ಬಾವಿಯ ಲೆಕ್ಕದಲ್ಲಿ ನನಗೆ ಆಗ ಒಂಬತ್ತು ವರ್ಷ. ಹಡೆದವ್ವನ ಲೆಕ್ಕದಲ್ಲಿ ಐವತ್ತೆಂಟು ದಾಟಿತ್ತು, ಆದರೆ ನಮ್ಮೂರಿನ ಯಾವ ಕಚೇರಿಯೂ ಹಡೆದವರ ಲೆಕ್ಕವನ್ನು ಒಪ್ಪುವುದಿಲ್ಲ. ಅಮಾವಾಸ್ಯೆಯ ಮರುದಿನ ಊರ ನಡುವಿನ ಬಾವಿಗೆ ಹೋಗಿ, ಕಟ್ಟೆಯ ಮೇಲೆ ಬಗ್ಗಿ, ನಿಮ್ಮ ಹೆಸರನ್ನು ಕೂಗಬೇಕು. ಬಾವಿ ಒಳಗಿನಿಂದ ನಿಮ್ಮ ವಯಸ್ಸನ್ನು ಹೇಳುತ್ತದೆ. ಪಕ್ಕದಲ್ಲಿ ಕೊಡೆ ಬಿಚ್ಚಿಕೊಂಡು ಕೂತ ಕಾರಕೂನ ಮೌಲಾಸಾಬರು ಅದನ್ನು ಚೀಟಿಯಲ್ಲಿ ಬರೆದು ಮೊಹರು ಒತ್ತಿ ಕೊಡುತ್ತಾರೆ. ಬೇರೆಯವರ ಹೆಸರು ಹಿಡಿದು ಕೂಗಿದರೆ ಬಾವಿ ತುಟಿ ಪಿಟಕ್ಕೆನ್ನುವುದಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡ ಗುಟ್ಟು ಎಷ್ಟೋ ಅಷ್ಟೇ ವಯಸ್ಸು. ಗುಟ್ಟು ಬಾಯಿಂದ ಜಾರಿದರೆ ವಯಸ್ಸೂ ಜಾರಿತು. ಸಣ್ಣ ಗುಟ್ಟಿಗೆ ಒಂದು ವರ್ಷ, ದೊಡ್ಡದಕ್ಕೆ ಅದರ ಭಾರದಷ್ಟು.

ಇದಕ್ಕೆ ಊರು ಎಂದೋ ಹೊಂದಿಕೊಂಡಿದೆ. ಪಿಂಚಣಿ ಹತ್ತಿರ ಬಂದವರು ಹೆಂಡತಿಯ ಜೊತೆಗೂ ಮಾತು ಕಡಿಮೆ ಮಾಡುತ್ತಾರೆ. ಸಾರಾಯಿ ಅಂಗಡಿಯವನು ಚೀಟಿ ನೋಡದೆ ಶೀಶೆ ಕೊಡುವುದಿಲ್ಲ, ಕುಡಿದವನು ರಾತ್ರಿಯೆಲ್ಲ ಬಡಬಡಿಸಿ ಮುಂದಿನ ಅಮಾವಾಸ್ಯೆಗೆ ಅಪ್ರಾಪ್ತನಾಗುತ್ತಾನೆ, ಹೀಗಾಗಿ ನಮ್ಮಲ್ಲಿ ಕುಡುಕರ ಕಾಟ ಅಷ್ಟಾಗಿ ಇಲ್ಲ. ಏಳನೇ ತರಗತಿಯ ಕೆಲವು ಹುಡುಗಿಯರಿಗೆ ಮೂವತ್ತು ದಾಟಿದೆ, ಅವರ ಅವ್ವಂದಿರಿಗೆ ಹದಿನಾರು. ನಮ್ಮ ಅಧ್ಯಕ್ಷ ಅಡಿವೆಪ್ಪಗೌಡರಿಗೆ ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ, ಬಾವಿ ಮಾತ್ರ ನೂರಾ ಹನ್ನೆರಡು ಎನ್ನುತ್ತದೆ. ಊರಿಗೆ ಅತಿ ಹಿರಿಯರು ಅವರೇ, ಅದಕ್ಕೆ ಪ್ರತಿ ಸಲವೂ ಅವರೇ ಆರಿಸಿ ಬರುತ್ತಾರೆ.

ನನ್ನದು ಹಿಟ್ಟಿನ ಗಿರಣಿ. ಗಿರಣಿ ಓಡುವಾಗ ಪಿಸುಮಾತು ಆಡಲಾಗುವುದಿಲ್ಲ. ಸರದಿಗೆ ನಿಂತವರು ತಮ್ಮ ಸಂಸಾರವನ್ನು ಕೂಗಿ ಹೇಳುತ್ತಾರೆ, ನಾನು ಅದನ್ನು ಮುಂದಿನವರಿಗೆ ಕೂಗಿ ಹೇಳುತ್ತೇನೆ. ಜೋಳ ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಹಿಟ್ಟಾಗಿ ಬರುವುದಿಲ್ಲವೇ, ಮಾತಿಗೇಕೆ ಬೇರೆ ನ್ಯಾಯ? ಹೀಗೆ ಬದುಕಿದ ನನಗೆ ಒಂಬತ್ತು ವರ್ಷವಾದರೂ ಆದದ್ದು ಹೇಗೆಂದು ಮೌಲಾಸಾಬರಿಗೆ ಆಶ್ಚರ್ಯ. ನನಗೇನೂ ಬೇಸರವಿರಲಿಲ್ಲ. ಬಸ್ಸಿನಲ್ಲಿ ಅರ್ಧ ಟಿಕೆಟ್ಟು, ಮದುವೆ ಊಟಕ್ಕೆ ಮೊದಲ ಪಂಕ್ತಿ.

ಬೇಸರ ಶುರುವಾದದ್ದು ನನ್ನ ತಂಗಿ ನಿಂಬೆವ್ವನಿಂದ. ಅವಳದು ಗಿರಣಿಯ ಹಿಂದಿನ ಓಣಿ. ಗಂಡ ಶಿವಪುತ್ರ ಟೆಂಪೊ ಓಡಿಸುತ್ತಾನೆ. ದಿನಾ ಸಂಜೆ ಬಂದು ಗಿರಣಿ ಗುಡಿಸಿ, ನನ್ನ ಸೆರಗಿನ ಹಿಟ್ಟು ಝಾಡಿಸಿ, ಒಂದು ಚಹಾ ಕುಡಿದು ಹೋಗುತ್ತಿದ್ದವಳು ಬರುವುದನ್ನು ನಿಲ್ಲಿಸಿದಳು. ಕಂಡಾಗ ಕುಬುಸ ಸಡಿಲಾಗಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. ಆ ಅಮಾವಾಸ್ಯೆಯ ಮರುದಿನ ಅವಳು ಬಾವಿಯಲ್ಲಿ ಹೆಸರು ಕೂಗಿದಾಗ ನಾನು ಪಕ್ಕದಲ್ಲೇ ಇದ್ದೆ. ಹೋದ ಸಲ ಮೂವತ್ತೊಂದು ಎಂದಿದ್ದ ಬಾವಿ ಈ ಸಲ ಎಪ್ಪತ್ತು ಎಂದಿತು. ಮೌಲಾಸಾಬರು ಕೂಡ ಲೆಕ್ಕಣಿಕೆ ಎತ್ತಿ ಅವಳ ಮುಖ ನೋಡಿದರು.

ಒಂದೇ ಗುಟ್ಟಿಗೆ ಅಷ್ಟು ವರ್ಷ ಏರುವುದೆಂದರೆ ಆ ಗುಟ್ಟು ಎಂಥದ್ದಿರಬೇಕು? ಅವಳ ಮನೆವರೆಗೂ ಬೆನ್ನು ಬಿಡದೆ ಹೋದೆ.

"ನಿಂಬಿ, ಏನ ಮುಚ್ಚಿಟ್ಟೀಯವ್ವಾ?" ಎಂದೆ.

"ಏನಿಲ್ಲಕ್ಕ."

"ಏನಿಲ್ಲಂದ್ರ ಬಾವಿ ಎಪ್ಪತ್ತು ಅನ್ನತೈತೇನ? ನನ್ನ ಮುಂದ ಹೇಳಬಾರದಂಥಾದ್ದು ಏನೈತಿ ಅದು?"

ನಿಂಬೆವ್ವ ಬಾಗಿಲ ಚಿಲಕ ಹಿಡಿದು ನಿಂತಳು. "ನಿನ್ನ ಮುಂದ ಹೇಳೂದು ಒಂದ, ಡಂಗುರಾ ಹೊಡಸೂದು ಒಂದ. ಎಲ್ಲಿ ಹೇಳಬೇಕೋ ಅಲ್ಲಿ ಹೇಳೇನಿ ಬಿಡು," ಎಂದಳು. ಬಾಗಿಲು ಹಾಕಿಕೊಂಡಳು.

ಎಲ್ಲಿ ಹೇಳಿದ್ದಳೆಂದು ನನಗೆ ಗೊತ್ತಿತ್ತು. ಆಗಷ್ಟೇ ನಮ್ಮೂರಿಗೆ ಫೋನಿನಲ್ಲಿ ತೆರೆಯುವ ಊರ ಪುಟವೊಂದು ಬಂದಿತ್ತು. ಯಾರಿಗೂ ಹೇಳಲಾಗದ ಕಷ್ಟವನ್ನು ಅಲ್ಲಿ ಬರೆದು ಕಳಿಸಿದರೆ ಸ್ವಯಂಸೇವಕರು ಓದಿ, ದಾರಿ ತೋರಿಸುತ್ತಾರೆಂದು ಅಧ್ಯಕ್ಷರು ಉದ್ಘಾಟನೆಯಲ್ಲಿ ಹೇಳಿದ್ದರು. ಊರ ಮಂದಿ ತಮ್ಮ ರೋಗ, ಜಗಳ, ಮನೆಯ ವಿಳಾಸ, ಮಗಳ ಫೋನು ನಂಬರು ಎಲ್ಲವನ್ನೂ ಅಲ್ಲಿ ಸುರಿಯುತ್ತಿದ್ದರು. ಅದನ್ನು ನೋಡುವವರು ಎಂಥವರಿರಬೇಕು ಎಂಬ ಪ್ರಶ್ನೆ ಬಂದಾಗ, ಹೊರಗಿನ ಯಾವುದೋ ದೊಡ್ಡ ಪುಟದ ನಿಯಮ ನೋಡಿ ಇಲ್ಲಿಗೂ ಇಳಿಸಿಕೊಂಡರು: ಖಾಸಗಿ ಮಾಹಿತಿ ಮುಟ್ಟುವ ಸ್ವಯಂಸೇವಕರಿಗೆ ಹದಿನೆಂಟು ತುಂಬಿರಬೇಕು, ಅಸಲಿ ಹೆಸರು ಅಸಲಿ ಮುಖ ಪುಟದ ಸಮಿತಿಗೆ ತೋರಿಸಿರಬೇಕು. ನಿಯಮ ಚೆನ್ನಾಗಿಯೇ ಇತ್ತು. ಹೊರಗಿನವರ ಹದಿನೆಂಟು ಬೇರೆ, ಬಾವಿಯ ಹದಿನೆಂಟು ಬೇರೆ ಎಂಬುದೊಂದು ಯಾರ ತಲೆಗೂ ಹೊಳೆಯಲಿಲ್ಲ.

ಸಮಿತಿಯ ಮುಖ್ಯಸ್ಥೆ ಸುಶೀಲಾ ಅಕ್ಕೋರು. ಜೀವಮಾನವಿಡೀ ಶಾಲೆಯಲ್ಲಿ ಕಲಿಸಿ, ಯಾವ ಮಗುವಿಗೂ ಅದರ ಅಂಕ ಎಷ್ಟೆಂದು ಹೇಳದೆ ತೊಂಬತ್ತಾರು ಮುಟ್ಟಿದವರು. ನಾನು ನೆಟ್ಟಗೆ ಅವರ ಮನೆಗೆ ಹೋದೆ.

"ಅಕ್ಕೋರ, ನಂಗೂ ಸ್ವಯಂಸೇವಕಿ ಆಗೂದೈತ್ರಿ."

ಅವರು ಕನ್ನಡಕ ಏರಿಸಿ ನನ್ನ ಚೀಟಿ ನೋಡಿದರು. "ಗುರುಬಸವ್ವ, ನಿನಗ ಒಂಬತ್ತು. ಇನ್ನಾ ಸಣ್ಣಾಕಿ ಇದ್ದೀ. ಆಡ ಹೋಗು," ಎಂದರು. ನನಗಿಂತ ಆರೇ ವರ್ಷ ಮೊದಲು ಹುಟ್ಟಿದ ಹೆಂಗಸು ಇದನ್ನು ಮುಖದಲ್ಲಿ ನಗೆಯಿಲ್ಲದೆ ಹೇಳಿದಳು.

"ನಮ್ಮ ತಂಗಿ ಏನೋ ಬರದಾಳ್ರಿ. ದಿನಾ ಸೊರಗಾಕತ್ತಾಳ. ಏನಂತ ನೀವರ ಹೇಳ್ರಿ."

"ಬರದಾಳೋ ಇಲ್ಲೋ ಅನ್ನೂದನ್ನೂ ನಾ ಹೇಳಂಗಿಲ್ಲ," ಎಂದರು ಅಕ್ಕೋರು. ಅಷ್ಟು ಹೇಳದೆ ಇದ್ದುದಕ್ಕೆ ಅವರ ಮುಖದಲ್ಲಿ ಒಂದು ತೃಪ್ತಿ ಮೂಡಿತು.

ಅವತ್ತೇ ನಿಶ್ಚಯಿಸಿದೆ, ಹದಿನೆಂಟಾಗುತ್ತೇನೆ ಎಂದು. ತಂಗಿಯ ಗುಟ್ಟಿನ ಬಾಗಿಲು ಹದಿನೆಂಟಕ್ಕೆ ತೆರೆಯುವುದಾದರೆ ಅಲ್ಲಿವರೆಗೆ ಬೆಳೆಯಬೇಕು, ಬೇರೆ ದಾರಿಯಿಲ್ಲ. ಬೆಳೆಯುವುದೆಂದರೆ ಬಾಯಿ ಮುಚ್ಚುವುದು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗಿರಣಿಯಲ್ಲಿ ನಿಂತೆ, ಹಿಟ್ಟಿನ ಧೂಳಿಗೆಂದು ನೆವ ಹೇಳಿ. ಮೊದಲ ದಿನವೇ ಗೌಡರ ಸೊಸೆ ಗೋಧಿ ಬೀಸಿಸಲು ಬಂದು, ಮಾವನ ಕಪ್ಪು ಕೂದಲು ಟೋಪಿಯ ಹಾಗೆ ತೆಗೆದು ಗೂಟಕ್ಕೆ ಹಾಕುವಂಥದ್ದು ಎಂದಳು. ಇಂಥ ಮಾತು ಹೊಟ್ಟೆಯಲ್ಲಿಟ್ಟುಕೊಂಡು ನಾನು ಊಟ ಮಾಡಬೇಕು, ನಿದ್ದೆ ಮಾಡಬೇಕು, ಮರುದಿನ ಗೌಡರ ಎದುರು ನಿಂತು ನಮಸ್ಕಾರ ಹೇಳಬೇಕು. ಹೆರಿಗೆ ನೋವನ್ನೂ ತಡೆದುಕೊಂಡಿದ್ದೆ, ಇದು ಅದನ್ನೂ ಮೀರಿದ್ದು.

ಊರವರಿಗೆ ಗಾಬರಿಯಾಯಿತು. "ಗುರುಬಸವ್ವಗ ದೆವ್ವ ಹೊಕ್ಕೈತಿ," ಎಂದರು ಕೆಲವರು. ಎದುರು ಮನೆಯ ಯಲ್ಲವ್ವ ಕಷಾಯ ಮಾಡಿ ತಂದು, "ಅಕ್ಕಾ, ಒಂದರ ಸುದ್ದಿ ಹೇಳು. ಹೊಟ್ಟಿ ಹಗುರ ಆಗತೈತಿ," ಎಂದು ಬೇಡಿಕೊಂಡಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಾನು ಕಷಾಯ ಮಾತ್ರ ಕುಡಿದೆ. ನನ್ನ ಬಾಯಿ ಮುಚ್ಚಿದ್ದೇ ತಡ, ಮಂದಿ ಇನ್ನೂ ಹೆಚ್ಚು ಹೇಳತೊಡಗಿದರು. ಅಮಾವಾಸ್ಯೆ ಅಮಾವಾಸ್ಯೆಗೂ ನಾನು ಬೆಳೆದೆ. ಹನ್ನೆರಡಾಯಿತು. ಹದಿನೈದಾದಾಗ ಕಂಡಕ್ಟರು ಪೂರ್ತಿ ಟಿಕೆಟ್ಟು ಕೇಳಿದ. ಅಷ್ಟರಲ್ಲಿ ನಿಂಬೆವ್ವ ಇನ್ನಷ್ಟು ಇಳಿದಿದ್ದಳು, ನೀರಿನ ಕೊಡವನ್ನು ಒಂದೇ ಕಂಕುಳಲ್ಲಿ ಹೊರುತ್ತಿದ್ದಳು, ಇನ್ನೊಂದು ಕೈಯನ್ನು ಮೈಗೆ ಒತ್ತಿ ಹಿಡಿದಿರುತ್ತಿದ್ದಳು. ನಾನು ನೋಡುತ್ತಿದ್ದೆ. ಬಾವಿ ಯಾವಾಗ ಹದಿನೆಂಟು ಎನ್ನುತ್ತದೋ ಎಂದು ಕಾಯುತ್ತಿದ್ದೆ. ಕೊನೆಗೊಂದು ದಿನ ಎಂದಿತು.

ಅಕ್ಕೋರು ಚೀಟಿಯನ್ನು ಬೆಳಕಿಗೆ ಹಿಡಿದು ಮೊಹರು ಪರೀಕ್ಷಿಸಿದರು. ನನ್ನ ಮುಖದ ಫೋಟೊ ತೆಗೆದರು, ಮುಂದಿನಿಂದ ಒಂದು, ಪಕ್ಕದಿಂದ ಒಂದು. ಮಂದಿಯ ಗುಟ್ಟು ಕಾಯಲು ಮೊದಲು ನನ್ನದೆಲ್ಲವನ್ನೂ ಬಿಚ್ಚಿಡಬೇಕಾಯಿತು: ಅಸಲಿ ಹೆಸರು, ಗಂಡ ಸತ್ತ ವರ್ಷ, ಮೈಮೇಲಿನ ಮಚ್ಚೆ. ಪುಟದಲ್ಲಿ ಮಾತ್ರ ಯಾರೂ ಅಸಲಿ ಹೆಸರಿನಿಂದ ಇರುವಂತಿಲ್ಲವಂತೆ. ಇದ್ದವರೆಲ್ಲ ಮೌನಿ, ಬಂಡೆಗಲ್ಲು, ಮುಚ್ಚಿದ ಮುತ್ತು ಇಂಥ ಹೆಸರಿನವರು. ನಾನು ನುಚ್ಚು ಎಂದು ಇಟ್ಟುಕೊಂಡೆ. ನನ್ನ ಅಸಲಿ ಹೆಸರನ್ನು ಗುಟ್ಟಾಗಿಟ್ಟು ಅಕ್ಕೋರು ಕೂಡ ಒಂದು ವರ್ಷ ದೊಡ್ಡವರಾದರು.

ಪುಟ ತೆರೆಯಿತು. ಊರಿನ ಕಷ್ಟಗಳೆಲ್ಲ ಒಂದರ ಕೆಳಗೊಂದು ಇದ್ದವು. ಒಬ್ಬಳಿಗೆ ಗಂಡ ಹೊಡೆಯುತ್ತಾನೆ, ವಕೀಲರು ಯಾರಿದ್ದಾರೆ ಹೇಳಿ ಎಂದು ಕೇಳಿದ್ದಾಳೆ. ಒಬ್ಬ ಮುದುಕನಿಗೆ ಕಣ್ಣು ಕಾಣುತ್ತಿಲ್ಲ, ಮಕ್ಕಳಿಗೆ ಹೇಳಲು ಅಂಜಿಕೆ. ಪ್ರತಿಯೊಂದರ ಕೆಳಗೂ, ನಮಗೆ ಮಾತ್ರ ಕಾಣುವಂತೆ, ಸ್ವಯಂಸೇವಕರ ಗುರುತುಗಳಿದ್ದವು: ಮೌನಿ ಓದಿದ್ದಾರೆ, ಬಂಡೆಗಲ್ಲು ಓದಿದ್ದಾರೆ, ಮುಚ್ಚಿದ ಮುತ್ತು ಓದಿದ್ದಾರೆ. ಅದರ ಕೆಳಗೆ ಉತ್ತರ ಬರೆಯುವ ಜಾಗ. ಆ ಜಾಗ ಎಲ್ಲ ಕಡೆಯೂ ಖಾಲಿ ಇತ್ತು.

"ಅಕ್ಕೋರ, ಉತ್ತರಾ ಯಾರು ಬರೀತಾರ್ರಿ?"

"ಉತ್ತರಾ?" ಎಂದರು ಅವರು, ಕೇಳಬಾರದ್ದನ್ನು ಕೇಳಿದ ಹಾಗೆ. "ಉತ್ತರಾ ಬರದ್ರ ಯಾರೋ ಓದ್ಯಾರ ಅಂತ ಅವರಿಗೆ ಗೊತ್ತಾಗತೈತಲ್ಲ. ವಕೀಲರಿಗೆ ಹೇಳಿದ್ರ ವಕೀಲರಿಗೆ ಗೊತ್ತಾತು. ಡಾಕ್ಟರಿಗೆ ಹೇಳಿದ್ರ ಡಾಕ್ಟರಿಗೆ ಗೊತ್ತಾತು. ಹಂಗ ಮಾಡಿದ್ರ ಗುಟ್ಟು ಎಲ್ಲಿ ಉಳೀತು? ಈ ಪುಟಾ ಶುರು ಆದಾಗಿಂದ ಒಂದ ಮಾತು ಹೊರಗ ಹೋಗಿಲ್ಲ, ಬರದವರ ವಯಸ್ಸೂ ಒಂದ ವರ್ಷ ಇಳದಿಲ್ಲ ನೋಡು."

ಆಗ ನನಗೆ ಅರ್ಥವಾಯಿತು. ಊರಿನಲ್ಲಿ ಯಾರು ಒಂದು ಮಾತನ್ನೂ ಯಾರಿಗೂ ದಾಟಿಸುವುದಿಲ್ಲವೋ ಅವರನ್ನೇ ಹುಡುಕಿ ಹುಡುಕಿ, ದಾಟಿಸಬೇಕಾದ ಮಾತುಗಳ ಮುಂದೆ ಕೂರಿಸಿದ್ದೆವು. ಅವರು ತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದ್ದರು. ದಿನಾ ಓದುತ್ತಿದ್ದರು, ದಿನಾ ಹಿರಿಯರಾಗುತ್ತಿದ್ದರು.

ಬೆರಳಿನಿಂದ ಸರಿಸುತ್ತ ಹೋದೆ. ನಿಂಬೆವ್ವನದು ಸಿಕ್ಕಿತು. ಅವಳು ಮಾತಾಡುವ ಹಾಗೆಯೇ ಬರೆದಿದ್ದಳು. ಎದಿಯೊಳಗ ಗಂಟು ಆಗೇತ್ರಿ, ಮೊದಲ ಬಟಾಣಿಯಷ್ಟ ಇತ್ತು, ಈಗ ದೊಡ್ಡದಾಗೇತಿ, ಹೆಣ್ಣಮಗಳು ಡಾಕ್ಟರು ಎಲ್ಲಿದ್ದಾರ ತಿಳಸ್ರಿ, ನನಗ ಭಾಳ ಅಂಜಿಕಿ ಬಂದೈತಿ, ನಮ್ಮಕ್ಕಗ ಮಾತ್ರ ಗೊತ್ತಾಗೂದು ಬ್ಯಾಡ. ಕೆಳಗೆ ಎಲ್ಲ ಸ್ವಯಂಸೇವಕರ ಗುರುತೂ ಇತ್ತು. ಒಬ್ಬರೂ ಬಿಟ್ಟಿರಲಿಲ್ಲ.

"ಇದನ್ನ ನೀವೂ ಓದೀರೇನ್ರಿ?"

"ಓದೀನಿ. ನನ್ನ ಮಗಳ ಮುಂದನೂ ಹೇಳಿಲ್ಲ," ಎಂದರು ಅಕ್ಕೋರು.

ನನಗೆ ಸಿಟ್ಟು ಬಂತು, ಅಳುವೂ ಬಂತು. ಆದರೆ ಅವರನ್ನು ಬೈಯಲು ಬಾಯಿ ಬರಲಿಲ್ಲ. ನಾನೂ ಅಷ್ಟು ಅಮಾವಾಸ್ಯೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಅವರ ಹಾಗಾಗಲೆಂದೇ ಹೆಣಗಿದ್ದೆನಲ್ಲ. ಅವತ್ತು ಒಂಬತ್ತರಲ್ಲೇ ಉಳಿದು, ತಂಗಿಯ ಕೈ ಹಿಡಿದು ಎಳೆದುಕೊಂಡು ಹೋಗಿದ್ದರೆ ಆಗುತ್ತಿತ್ತು. ಚಪ್ಪಲಿ ಮೆಟ್ಟಲೂ ಮರೆತು ನಿಂಬೆವ್ವನ ಮನೆಗೆ ನಡೆದೆ.

ಅವಳು ಅಕ್ಕಿ ಆರಿಸುತ್ತಿದ್ದಳು. "ಏಳು, ಡಾಕ್ಟರ ಹಂತ್ಯಾಕ ಹೋಗೋಣು," ಎಂದೆ.

ಅವಳ ಬೆರಳು ಅಕ್ಕಿಯಲ್ಲೇ ನಿಂತಿತು. "ಯಾರ ಹೇಳಿದ್ರು ನಿನಗ?"

"ಯಾರೂ ಹೇಳಲಿಲ್ಲವ್ವಾ. ಎಲ್ಲಾರೂ ಓದ್ಯಾರ, ಒಬ್ಬರೂ ಹೇಳಲಿಲ್ಲ."

"ಅವರು ಹೇಳಂಗಿಲ್ಲ ಅಂತನ ಅಲ್ಲಿ ಬರದಿದ್ದೆ."

"ಹೌದು. ಹೇಳಲಿಲ್ಲ ನೋಡು, ನಿನಗೂ ಹೇಳಲಿಲ್ಲ."

ನಿಂಬೆವ್ವ ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗಿದಳು. ಬರುವುದಿಲ್ಲ ಎಂದಳು. ಗಂಡನಿಗೆ ಗೊತ್ತಾಗುತ್ತದೆ, ಓಣಿಗೆ ಗೊತ್ತಾಗುತ್ತದೆ, ನಾಳೆ ಮಗಳಿಗೆ ಗಂಡು ಸಿಗುವುದಿಲ್ಲ, ಎಲ್ಲರೂ ತನ್ನ ಎದೆಯನ್ನೇ ನೋಡುತ್ತಾರೆ. ಉತ್ತರ ಬರುತ್ತದೆಂದು ದಿನಾ ಫೋನು ತೆಗೆದು ನೋಡುತ್ತಿದ್ದಳಂತೆ. ಬರದಿದ್ದಾಗ, ಇದಕ್ಕೆ ಉತ್ತರವೇ ಇಲ್ಲದಿರಬೇಕು, ಅದಕ್ಕೇ ಸುಮ್ಮನಿದ್ದಾರೆ ಎಂದು ತಿಳಿದಳಂತೆ. ನಾನು ಬೇಡಿಕೊಂಡೆ, ಕಾಲು ಹಿಡಿಯಲು ಹೋದೆ. ಅವಳು ಏಳಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋಗಲಿ ಎಂದೆ. ನೇರ ಗಿರಣಿಗೆ ಹೋದೆ, ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಗೂಟಕ್ಕೆ ಹಾಕಿದೆ. ಗಿರಣಿ ಓಡುತ್ತಿತ್ತು, ಸರದಿಯಲ್ಲಿ ಮಂದಿ ನಿಂತಿದ್ದರು. "ಎದಿಯೊಳಗಿನ ಗಂಟಿಗೆ ಹೆಣ್ಣಮಗಳು ಡಾಕ್ಟರು ಯಾರಿಗೆ ಗೊತ್ತದಾರ ಹೇಳ್ರಿ, ನಮ್ಮ ನಿಂಬೆವ್ವಗ ಬೇಕಾಗೇತಿ," ಎಂದು ಇದ್ದಷ್ಟು ದನಿ ತೆಗೆದು ಕೂಗಿದೆ. ಆಗ ಕಷಾಯದ ಯಲ್ಲವ್ವ ಜೋಳದ ಪುಟ್ಟಿ ಕೆಳಗಿಟ್ಟಳು. ಸೆರಗು ಸರಿ ಮಾಡಿಕೊಂಡು ಹತ್ತಿರ ಬಂದು, ತನಗೂ ಆಗಿತ್ತೆಂದೂ, ಪಕ್ಕದ ಪಟ್ಟಣದಲ್ಲಿ ಒಬ್ಬ ಡಾಕ್ಟರಮ್ಮ ತೆಗೆದರೆಂದೂ, ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲವೆಂದೂ ಹೇಳಿದಳು. ಅವಳ ಚೀಟಿಯಲ್ಲಿ ಅರವತ್ತೆಂಟು ಹೇಗೆ ಬಂತೆಂದು ಅಲ್ಲಿದ್ದವರಿಗೆಲ್ಲ ಆಗ ತಿಳಿಯಿತು.

ಸುದ್ದಿ ನನಗಿಂತ ಮೊದಲೇ ಶಿವಪುತ್ರನನ್ನು ಮುಟ್ಟಿತ್ತು. ಅವನು ಟೆಂಪೊದಲ್ಲಿದ್ದ ಸಿಮೆಂಟಿನ ಚೀಲಗಳನ್ನು ರಸ್ತೆಯ ಬದಿಗೇ ಇಳಿಸಿ ಓಡಿ ಬಂದ. ಗಂಡ ಅಳುತ್ತ ಬಾಗಿಲಲ್ಲಿ ನಿಂತಾಗ ನಿಂಬೆವ್ವ ಎದ್ದಳು. ನನ್ನ ಕಡೆ ತಿರುಗಿಯೂ ನೋಡದೆ ಟೆಂಪೊ ಹತ್ತಿದಳು. ಯಲ್ಲವ್ವ ಅವಳ ಪಕ್ಕದಲ್ಲಿ ಕೂತಳು, ನಾನು ಹಿಂದೆ ಸಿಮೆಂಟಿನ ಧೂಳಿನಲ್ಲಿ ಕೂತೆ.

ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ತಡವಾಗಿದೆ, ಆದರೆ ಕೈ ಮೀರಿಲ್ಲ ಎಂದರು. ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಾಗ ಹೊರಗಿನ ಬೆಂಚಿನ ಮೇಲೆ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಕೈಯಲ್ಲಿ ಫೋನಿತ್ತು. ಪುಟ ತೆರೆದೆ. ನುಚ್ಚಿನ ಹೆಸರಿನಲ್ಲಿ ಎಲ್ಲರಿಗೂ ಉತ್ತರ ಬರೆದೆ. ಹೊಡೆಸಿಕೊಳ್ಳುವವಳಿಗೆ ವಕೀಲರ ಮನೆ ಎಲ್ಲಿದೆ ಎಂದು, ಮುದುಕನಿಗೆ ಕಣ್ಣಿನ ಆಸ್ಪತ್ರೆಗೆ ಯಾವ ಬಸ್ಸು ಹೋಗುತ್ತದೆ ಎಂದು. ಇದೆಲ್ಲ ನನಗೆ ಹೇಗೆ ಗೊತ್ತಿತ್ತೆಂದರೆ, ಇಷ್ಟು ವರ್ಷ ಗಿರಣಿಯಲ್ಲಿ ನಿಂತು ಕಿವಿ ಮುಚ್ಚಿಕೊಂಡಿರಲಿಲ್ಲ. ಬರೆದು ಮುಗಿಯುವ ಹೊತ್ತಿಗೆ ಡಾಕ್ಟರಮ್ಮ ಹೊರಬಂದು ಎಲ್ಲ ಸರಿಯಾಯಿತೆಂದು ತಲೆಯಾಡಿಸಿದರು. ನಾನು ಬೆಂಚಿನ ಮೇಲೆ ಕೂತು ಮನಸಾರೆ ಅತ್ತೆ.

ಊರಿಗೆ ಬಂದ ಮೇಲೆ ನಿಂಬೆವ್ವ ನನ್ನ ಜೊತೆ ಮಾತು ಬಿಟ್ಟಳು. ಬಿಡಲಿ, ಇದ್ದಾಳಲ್ಲ ಎಂದುಕೊಂಡೆ. ಗಿರಣಿಯಲ್ಲಿ ಬಿಚ್ಚಿದ ಬಾಯಿ ಮತ್ತೆ ಮುಚ್ಚಲಿಲ್ಲ, ಸರದಿಯವರಿಂದ ಕೇಳಿ ತಡೆದಿಟ್ಟದ್ದೆಲ್ಲ ಒಂದೂ ಉಳಿಯದೆ ಹೊರಬಿತ್ತು. ಆದರೂ ಸಂಜೆ ಗಿರಣಿ ನಿಲ್ಲಿಸಿ ಎರಡು ಲೋಟ ಚಹಾ ಸುರಿದು ಒಂದನ್ನು ಮಾತ್ರ ಕುಡಿಯುತ್ತಿದ್ದೆ. ಅತ್ತ ಅಮಾವಾಸ್ಯೆಯ ಮರುದಿನ ಸಮಿತಿ ನನ್ನನ್ನು ಬಾವಿಯ ಕಟ್ಟೆಗೆ ಕರೆಸಿತು. ಅಧ್ಯಕ್ಷರು ಬಂದಿದ್ದರು, ಕೂದಲು ನೀಟಾಗಿ ಕೂತಿತ್ತು. ಅಕ್ಕೋರು ನನ್ನ ಅಪರಾಧ ಓದಿದರು: ಖಾಸಗಿ ಮಾಹಿತಿಯನ್ನು ಗಿರಣಿಯಲ್ಲಿ ಕೂಗಿದ್ದು ಒಂದು, ಬರೆದವರಿಗೆ ಉತ್ತರ ಬರೆದದ್ದು ಇನ್ನೊಂದು. ಎರಡನೆಯದನ್ನು ಓದುವಾಗ ಅವರ ದನಿ ಹೆಚ್ಚು ನಡುಗಿತು.

"ಹೆಸರು ಕೂಗು," ಎಂದರು ಮೌಲಾಸಾಬರು ಮೆಲ್ಲಗೆ.

ಬಗ್ಗಿ ಕೂಗಿದೆ. ಬಾವಿಯ ಒಳಗಿನಿಂದ ಆಗ ತಾನೇ ಹುಟ್ಟಿದ ಕೂಸಿನ ಅಳು ಕೇಳಿತು. ಯಾರೂ ನಗಲಿಲ್ಲ. ಮೌಲಾಸಾಬರು ಚೀಟಿಯಲ್ಲಿ ಸೊನ್ನೆ ಸುತ್ತಿ, ಮೊಹರು ಒತ್ತಲು ಮನಸ್ಸಾಗದೆ ಕೈಯಲ್ಲೇ ಹಿಡಿದು ಕೂತರು.

ಅಧ್ಯಕ್ಷರು ನಿಯಮ ಹೇಳಿದರು. ಒಂದು ತುಂಬದ ಕೂಸು ಗಿರಣಿ ನಡೆಸುವಂತಿಲ್ಲ, ಮನೆಯಲ್ಲಿ ಒಂಟಿಯಾಗಿ ಇರುವಂತಿಲ್ಲ. ಹಿರಿಯರು ಯಾರಾದರೂ ತಮ್ಮದೆಂದು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಗಿರಣಿಗೆ ಬೀಗ, ಕೂಸನ್ನು ಅಂಗನವಾಡಿಗೆ ಒಪ್ಪಿಸಬೇಕು. ಅಂಗನವಾಡಿ ನಡೆಸುವ ಬಾಯಾರು ಗುಂಪಿನಲ್ಲೇ ಇದ್ದರು. ನನ್ನ ಗಾತ್ರವನ್ನು ನೋಡಿ, ತೊಟ್ಟಿಲು ಗಟ್ಟಿಯಿಲ್ಲ ಎಂದು ಚಿಂತೆ ಮಾಡಿದರು.

"ಈ ಕೂಸು ಯಾರದು?" ಎಂದು ಮೌಲಾಸಾಬರು ಪದ್ಧತಿಯ ಪ್ರಕಾರ ಕೇಳಿದರು. ಇನ್ನೊಮ್ಮೆ ಕೇಳಿದರು. ನಾನು ನೆಲ ನೋಡುತ್ತ ನಿಂತಿದ್ದೆ. ಬೀಗ ಬಿದ್ದ ಗಿರಣಿ ಕಣ್ಣ ಮುಂದೆ ಬಂತು.

ಗುಂಪು ದಾರಿ ಬಿಟ್ಟಿತು. ತಲೆ ತುಂಬ ಸೆರಗು ಹೊದ್ದು, ಶಿವಪುತ್ರನ ತೋಳು ಹಿಡಿದು ನಿಂಬೆವ್ವ ಬಂದಳು. ನೇರವಾಗಿ ಕಟ್ಟೆಗೆ ಹೋಗಿ ತನ್ನ ಹೆಸರು ಕೂಗಿದಳು. ಬಾವಿ ಮೂವತ್ತೊಂದು ಎಂದಿತು. ಅವಳು ಮೌಲಾಸಾಬರ ಕಡೆ ತಿರುಗಿ, "ಕೂಸು ನಂದೈತ್ರಿ. ಬರಕೋರಿ," ಎಂದಳು.

ಅಕ್ಕೋರು ಅಡ್ಡ ಬಂದರು. "ನಿನ್ನ ಗುಟ್ಟು ಊರಿಗೆಲ್ಲಾ ಹೇಳಿದಾಕಿ ಆಕಿ, ನಿಂಬೆವ್ವ."

"ಕೂಸಲ್ಲೇನ್ರಿ," ಎಂದಳು ನಿಂಬೆವ್ವ. "ಕೂಸು ಅಳತೈತಿ. ದೊಡ್ಡವರು ನೀವು ಸುಮ್ಮ ಇದ್ರಿ."

ಮೌಲಾಸಾಬರು ಮೊಹರು ಒತ್ತಿದರು. ನಿಂಬೆವ್ವ ನನ್ನ ಕೈ ಹಿಡಿದುಕೊಂಡಳು, ರಸ್ತೆ ದಾಟಿಸುವವರ ಹಾಗೆ. ಬಾವಿಯಿಂದ ಗಿರಣಿಯವರೆಗೆ ಇಬ್ಬರೂ ಕೈ ಬಿಡದೆ ನಡೆದೆವು. ಗಿರಣಿಯ ಬಾಗಿಲಲ್ಲಿ ನಿಂತು ಅವಳು ನನ್ನ ಸೆರಗಿನ ಹಿಟ್ಟು ಝಾಡಿಸಿದಳು. ಆಮೇಲೆ ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಾಯಿ ತಂದು ಒಂದು ಮಾತು ಹೇಳಿದಳು. ಗಂಡನಿಗೆ ಹೇಳದ್ದು, ಡಾಕ್ಟರಮ್ಮನಿಗೆ ಹೇಳದ್ದು, ಊರ ಪುಟದಲ್ಲೂ ಬರೆಯದ್ದು.

ಅದೇನೆಂದು ನಿಮಗೆ ಹೇಳುವುದಿಲ್ಲ. ಬರುವ ಅಮಾವಾಸ್ಯೆ ಕಳೆದರೆ ನನಗೆ ಒಂದು ವರ್ಷ ತುಂಬುತ್ತದೆ.